ಕೇದಗೆಗೆ ಸಿಕ್ಕ ಹುಳ

ನೀರೇರಿದ ಇನ್ನೂರ ಹದಿನಾಲ್ಕನೇ ವರ್ಷ, ಹದಿಮೂರನೇ ತಿಂಗಳ ಮೂವತ್ತೊಂಬತ್ತು
ಅಘನಾಶಿನಿ ಅಳಿವೆ

ಹಿಂದಿನವರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಂಡಾವು. ಮನ್ನಿಸಿ. ನನ್ನ ಮಗಳು ಕೇದಗೆಗೆ ತೊಂಬತ್ತೆಂಟು ದಿನ. ಅಷ್ಟೇ ದಿನದಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ. ನಮ್ಮದು ತೇಲುಮನೆ, ಅಂದರೆ ಭರತಕ್ಕೆ ಏರಿ ಇಳಿತಕ್ಕೆ ಇಳಿಯುವ ಮನೆ. ತೊಟ್ಟಿಲು ತೂಗುವ ಕೆಲಸ ಅರ್ಧ ಅದರದು, ಉಳಿದರ್ಧ ನನ್ನದು.

ಇಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಕಡಲಿನ ಒಂದು ಬೆನ್ನೆಲುಬಿಲ್ಲದ ಜೀವಿಯನ್ನು ಚೀಟಿ ಎತ್ತಿ ಒಪ್ಪಿಸುತ್ತಾರೆ. ಅದನ್ನು ಜೊತೆಜೀವ ಎನ್ನುತ್ತೇವೆ. ಅದು ಎಲ್ಲಿದೆ, ಹೇಗಿದೆ ಎಂದು ಮೊದಲು ಹೆತ್ತವರು, ಆಮೇಲೆ ಬದುಕಿಡೀ ಆ ಮಗುವೇ ನೋಡಿ ಬರೆದಿಡಬೇಕು. ನೂರನೇ ದಿನದೊಳಗೆ ತಾಯಿ ಒಪ್ಪದಿದ್ದರೆ ಆ ಜೀವಿಗೆ ದಿಕ್ಕಿಲ್ಲ. ನಮ್ಮಲ್ಲಿ ಮಕ್ಕಳಿಗಿಂತ ಜೀವಿಗಳೇ ಹೆಚ್ಚು. ಪಕ್ಕದ ಮನೆಯ ಕೂಸಿಗೆ ಸೀರೆಯ ಅಂಚಿನಂತೆ ಅಲೆಯಲೆಯಾಗಿ ಈಜುವ ನೇರಳೆ ಚಪ್ಪಟೆಹುಳ ಬಂತು. ನನ್ನ ಕೇದಗೆಗೆ ಬಂದದ್ದು ಕೆಸರು ಬಸವನಹುಳುವಿನ ಹೊಟ್ಟೆಯೊಳಗಿನ ಪರೋಪಜೀವಿ ಹುಳ. "ಅಡ್ಡಿಲ್ಲ ಬಿಡೇ, ಜಂತಿನ ಔಷಧಿ ಮನೇಲೇ ಅದೆ" ಎಂದು ನಾದಿನಿ ನಕ್ಕಳು. ನನಗೆ ನಗಲಾಗಲಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ಆದರೂ ಇಷ್ಟು ಎಳೆಯ ಹೆಸರಿನ ಪಕ್ಕ ಅಂಥದ್ದೊಂದು ಹೆಸರೇ ಎಂದು ಹೆದರಿದೆ. ಚೀಟಿ ಬದಲಿಸಿಕೊಡಿ ಎನ್ನಲು, ಇಪ್ಪತ್ತು ವರ್ಷದಿಂದ ಈ ಹುಳಗಳ ಬೆನ್ನು ಹತ್ತಿರುವ, ಚೀಟಿಯ ಲೆಕ್ಕವನ್ನೂ ಇಡುವ ವಿಜ್ಞಾನಿ ಬೀರಕ್ಕನ ಬಳಿ ಹೋದೆ.

ಇದೇ ಕೆಸರಿನ ಬಸವನಹುಳುಗಳೊಳಗೆ ಅವಳು ಹನ್ನೊಂದು ಬಗೆಯ ಹುಳ ಕಂಡಿದ್ದಾಳೆ. ನನ್ನನ್ನು ಬಯ್ಯಲಿಲ್ಲ. ಒಂದು ಬಸವನಹುಳುವನ್ನು ಗಾಜಿನ ಬಟ್ಟಲಿಗೆ ಬಿಟ್ಟು, ದೀಪ ಹಚ್ಚಿ, ಸೂಕ್ಷ್ಮದರ್ಶಕದತ್ತ ಕೈ ತೋರಿದಳು. ಅದರ ಮೈಯಿಂದ ಹೊಗೆಯಂತೆ ಏನೋ ಹೊರಟಿತು. ನೂರಾರು ಮರಿಗಳು! ಒಂದೊಂದಕ್ಕೂ ಕುಣಿಯುವ ಬಾಲ, ಮೂತಿಯಲ್ಲಿ ಸಣ್ಣ ಮುಳ್ಳು. "ಆ ಮುಳ್ಳಲ್ಲಿ ಚುಚ್ಚಿ ಏಡಿ ಒಳಗೆ ಹೋತದೆ. ಏಡಿ ತಿಂದ ಹಕ್ಕಿ ಹೊಟ್ಟೇಲಿ ದೊಡ್ಡಾಗಿ ಮೊಟ್ಟೆ ಇಡ್ತದೆ. ಹಕ್ಕಿ ಇಲ್ಲಿ ಹಿಕ್ಕೆ ಹಾಕದೇ ಬಸವನಹುಳಕ್ಕೆ ಇದು ಬರೂದೇ ಇಲ್ಲ ತಂಗಿ" ಎಂದಳು.

ಈ ಅಳಿವೆಯಲ್ಲಿ ಏಡಿ ಹೆಕ್ಕುವ ಉದ್ದಕಾಲಿನ ಹಕ್ಕಿಯನ್ನು ಕಂಡವರು ಇಂದು ಯಾರೂ ಬದುಕಿಲ್ಲ. ಆದರೆ ಹುಳ ಇದೆ. ಅಂದರೆ, ನಾವು ಯಾರೂ ನೋಡದ ಹೊತ್ತಿನಲ್ಲಿ ಹಕ್ಕಿಯೊಂದು ಇಲ್ಲಿಗೆ ಬಂದು ಹೋಗುತ್ತಿದೆ. ಅಲ್ಲೇ, ಮಗುವನ್ನು ಹೆಗಲಿಗೆ ಹಾಕಿಕೊಂಡೇ ಒಪ್ಪಿಗೆಗೆ ಸಹಿ ಮಾಡಿದೆ.

ಬರುತ್ತಿರುವುದು ಯಾವ ಹಕ್ಕಿ, ಎಲ್ಲಿಂದ ಎಂದು ಬೀರಕ್ಕನಿಗೂ ಗೊತ್ತಿಲ್ಲ. ನಿಮ್ಮ ಕಾಲದಿಂದ ನಮಗೆ ಉಳಿದ ಬರಹಗಳಲ್ಲಿ ಈ ಹುಳದ ಸುದ್ದಿಯೇ ಇಲ್ಲ. ನಿಮ್ಮಲ್ಲಿ ಒಬ್ಬರಾದರೂ ಇಳಿತದ ಹೊತ್ತಿಗೆ ಕೆಸರಿಗಿಳಿಯಿರಿ. ಹೊಲಸು ಎನ್ನಬೇಡಿ, ಒಳಗೆ ನೋಡಿ. ಕಂಡ ಹುಳವನ್ನೂ ಆ ದಿನ ದಡದಲ್ಲಿ ನಿಂತಿದ್ದ ಹಕ್ಕಿಯನ್ನೂ ಬರೆದಿಡಿ. ಯಾವ ದಿಕ್ಕಿಗೆ ತಲೆಯೆತ್ತಿ ಕಾಯಬೇಕೆಂದು ಆಗ ನನ್ನ ಮಗಳಿಗೆ ತಿಳಿದೀತು.

ಕೇದಗೆಯ ತಾಯಿ,
ವಾಸಂತಿ