ಸಹಿಯ ಕೆಳಗಿನ ಗಂಟೆ, ನಿಮಿಷ

ಅಪ್ಪಾ,

ಉಪ್ಪಿಟ್ಟು ಹಾಟ್‌ಬಾಕ್ಸ್‌ನಲ್ಲಿದೆ. ತಿಂದ ಮೇಲೆ ಬಿಪಿ ಮಾತ್ರೆ ತಗೊಳ್ಳಿ. ನಿಮ್ಮ ಯೂನಿಫಾರ್ಮ್ ಇಸ್ತ್ರಿ ಅಂಗಡಿಯಲ್ಲೇ ಇದೆ, ಇವತ್ತು ನೀವೇ ತನ್ನಿ.

ಕಂಪ್ಯೂಟರ್ ಸೈನ್ಸ್ ಫಾರ್ಮ್‌ಗೆ ನನ್ನ ಸಹಿ ನೀವೇ ಹಾಕಿದ್ದೀರಿ. ಸಹಿ ಚೆನ್ನಾಗಿಯೇ ಬಂದಿದೆ. ಆದರೆ ಕೆಳಗೆ ತಾರೀಖಿನ ಜೊತೆ ಗಂಟೆ, ನಿಮಿಷವನ್ನೂ ಬರೆದಿದ್ದೀರಿ. ಕಾಲೇಜಿನ ಫಾರ್ಮ್‌ಗೆ ಗಂಟೆ ಬರೆಯೋರು ದಿನಾ ದೂರು ಬರೆದುಕೊಳ್ಳೋ ನಿಮ್ಮಂಥ ಪೊಲೀಸ್ ಸ್ಟೇಷನ್ ರೈಟರ್ ಬಿಟ್ಟರೆ ಇನ್ಯಾರು?

ಅದನ್ನ ಹರಿದಿಲ್ಲ, ಬೀರುವಿನಲ್ಲಿ ಇಟ್ಟಿದ್ದೀನಿ. ನಾನು ಸೋಲದೇವನಹಳ್ಳಿ ಕಾಲೇಜಿಗೆ ಹೋಗ್ತಿದ್ದೀನಿ. ಕ್ರಿಮಿನಾಲಜಿಗೆ, ಅಂದ್ರೆ ಅಪರಾಧಶಾಸ್ತ್ರಕ್ಕೆ, ಸೇರೋಕೆ ಇವತ್ತೇ ಕೊನೇ ದಿನ. "ಸ್ಟೇಷನ್ ಸಹವಾಸ ನನಗೇ ಸಾಕಾಗಿದೆ, ನಿನಗೆ ಬೇಡ ಮಗಳೇ" ಅಂತೀರಲ್ಲ. ನನಗೆ ಬೇಕು ಅಪ್ಪಾ.

ಈ ಸಲ ಸಹಿ ನಾನೇ ಹಾಕ್ತೀನಿ.

ಧನುಶ್ರೀ
ಜೂನ್ 12, ಬೆಳಿಗ್ಗೆ 7 ಗಂಟೆ 40 ನಿಮಿಷ