ತೂಬಿನ ಕಲ್ಲನ್ನು ಓದಿದವರಿಗೆ

ಮಾನ್ಯ ತಾಲ್ಲೂಕು ಅಧಿಕಾರಿಗಳೇ,

ನಮ್ಮ ಕೆರೆಯ ತೂಬಿನ ಬಳಿಯಿದ್ದ ಶಾಸನವನ್ನು ತಾವು ಒಂದಕ್ಷರವೂ ತಪ್ಪದಂತೆ ಓದಿದಿರಿ. ನಮ್ಮೂರು ಕೆಟ್ಟದ್ದು ಅದರಿಂದಲೇ.

ತಮ್ಮ ಮೋಟಾರು ಹೊಳೆನರಸೀಪುರದಿಂದ ಇಲ್ಲಿಗೆ ಬರಲು ಕಾರಣ ನಾನು, ಇಲ್ಲಿನ ಶಾಲೆಯ ಮೇಷ್ಟ್ರು. ಹೋದ ವರ್ಷ, ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ, ಮೇಲುಗದ್ದೆಯವರು ನೀರಿಗೆ ತಕರಾರು ತೆಗೆದಾಗ, ಕಲ್ಲನ್ನೇ ಓದಿಸೋಣವೆಂದು ತಮಗೆ ಅರ್ಜಿ ಬರೆದೆ. ಆ ಹಳೆಯ ಲಿಪಿ ನಮ್ಮಲ್ಲಿ ಯಾರಿಗೂ ಬಾರದು. ಅದರಲ್ಲೇನಿದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು! ಪ್ರತಿ ವರ್ಷ ತೂಬು ಎತ್ತುವ ಮುನ್ನ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಹುಚ್ಚಯ್ಯ ಆ ಕಲ್ಲನ್ನು ತೊಳೆದು, ಮೇಲೆ ಕೈಯಿಟ್ಟು ಕೂಗುತ್ತಿದ್ದ: "ದೊರೆ ಅಪ್ಪಣೆ ಆಗೈತೆ ಕಣ್ರಪ್ಪೋ! ಕೊನೇ ಗದ್ದೆ ಮೊದ್ಲು ಕುಡೀಲಿ!" ಕಾಲುವೆಯ ತುದಿಯಲ್ಲಿದ್ದ ವಿಧವೆ ಮುದ್ದಮ್ಮನ ಗದ್ದೆ ನೆನೆಯುವವರೆಗೆ ಪಟೇಲರೂ ತಮ್ಮ ಗದ್ದೆಗೆ ನೀರು ತಿರುಗಿಸುತ್ತಿರಲಿಲ್ಲ.

ತಾವು ಕನ್ನಡಕ ಒರೆಸಿಕೊಂಡು ಓದಿದಿರಿ. ದೊರೆ ಏಳು ಊರು ಸುಟ್ಟ, ವೈರಿಗಳ ತಲೆ ತರಿದ, ಮಹಾಪ್ರತಾಪಿ. ನೀರಿನ ಮಾತೇ ಇಲ್ಲ. ಅಪ್ಪಣೆಯಿಲ್ಲದ ಮೇಲೆ ಕಟ್ಟುಪಾಡೂ ಇಲ್ಲವೆಂದು ತೀರ್ಪು ಕೊಟ್ಟು, ಎಳನೀರು ಕುಡಿದು ಹೊರಟಿರಿ. ಹುಚ್ಚಯ್ಯ ಮೋಟಾರಿನ ಹಿಂದೆ ಓಡಿಬಂದದ್ದು ನೆನಪಿದೆಯೇ? "ಇನ್ನೊಂದ್ ಕಿತ ನೋಡಿ ಸಾ, ಮಣ್ಣೊಳ್ಗೆ ಇನ್ನೂ ವಸಿ ಬರ್ದಿರ್ಬೋದು!" ಆ ಸಂಜೆ ಅವನೇ ಕಲ್ಲಿನ ಬುಡ ಅಗೆದ. ಅಲ್ಲೂ ಏನೂ ಸಿಗಲಿಲ್ಲ.

ಈ ಸಲ ನೀರೆಲ್ಲ ಮೇಲುಗದ್ದೆಗಳಲ್ಲೇ ನಿಂತಿತು. ಮುದ್ದಮ್ಮನ ಪೈರು ಹಾಲು ತುಂಬುವ ಮುಂಚೆಯೇ ಒಣಗಿತು. ಗದ್ದೆ ಬಿಟ್ಟು ಅರಕಲಗೂಡಿನ ತಮ್ಮನ ಮನೆಗೆ ಹೊರಟವಳು ನನ್ನ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ನಮ್ ದೊರೆ ಅಂಗಂತ ಏಳೇ ಇರ್ನಿಲ್ವಾ?" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಇದನ್ನು ಬರೆಯುವಾಗಲೂ ಆಗುತ್ತಿಲ್ಲ.

ತಾವೇ ಹೇಳಿ, ದೊಡ್ಡವರು ಯಾರು? ಊರು ಸುಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿಸಿಕೊಂಡ ದೊರೆಯೇ? ಅವನು ಕನಸಿನಲ್ಲೂ ಆಡದ ಒಳ್ಳೆಯ ಮಾತನ್ನು ಅವನದೆಂದೇ ನಂಬಿ, ತಲೆತಲಾಂತರ ಅದರಂತೆ ನಡೆದ ಓದುಬರಹವಿಲ್ಲದ ನಮ್ಮ ಜನರೇ? ಆ ದೊರೆ ಇಲ್ಲಿ ಮಹಾರಾಜನಾಗಿ ಉಳಿದಿದ್ದು ಹುಚ್ಚಯ್ಯನ ಕೂಗಿನಲ್ಲಿ. ಘನ ಸರ್ಕಾರದ ವಿದ್ವತ್ತು ಒಂದೇ ಮಧ್ಯಾಹ್ನದಲ್ಲಿ ಅವನನ್ನು ಬರಿಯ ಕೊಲೆಗಡುಕನನ್ನಾಗಿ ಮಾಡಿತು.

ಆಮೇಲೆ ಗಾಡಿ ಕಳಿಸಿ ತಮ್ಮ ಕಚೇರಿಯ ಅಂಗಳಕ್ಕೆ ತಾವು ಸಾಗಿಸಿಕೊಂಡ ಆ ಕಲ್ಲನ್ನು ಹಿಂದಕ್ಕೆ ಕಳಿಸಿ. ಮತ್ತೆ ಯಾರೂ ಓದದಂತೆ ಅಕ್ಷರದ ಮುಖವನ್ನು ಏರಿಯ ಕಡೆಗೆ ತಿರುಗಿಸಿ ನಿಲ್ಲಿಸಿಕೊಳ್ಳುತ್ತೇವೆ. ಕೊನೆಯ ಗದ್ದೆಗೆ ಮೊದಲು ನೀರೆಂದು, ದೊರೆ ಹೇಳದಿದ್ದ ಮಾತನ್ನು ತಾವಾದರೂ ಬರೆದುಕೊಡಿ. ಮುದ್ದಮ್ಮನನ್ನು ಕರೆತರಲು ಅರಕಲಗೂಡಿಗೆ ನಾನೇ ನಡೆದು ಹೋಗುತ್ತೇನೆ.

ಇಂತಿ,
ನಾಲ್ಕಕ್ಷರ ಬಲ್ಲೆನೆಂದು ಅರ್ಜಿ ಬರೆದು ಊರು ಕೆಡಿಸಿದ
ಮೇಷ್ಟ್ರು ಪಾಲಾಕ್ಷ