ನನ್ನನ್ನು ಮಗುವೆಂದು ಎಣಿಸಿದ ಕಚೇರಿಗೆ

ಶಿಶುಪಾಲನಾ ಕೇಂದ್ರಗಳ ತಪಾಸಣೆಯ ಮೇಲಧಿಕಾರಿಗಳೇ,

ಮಾನ್ಯರೇ, ನನಗೆ ಅರುವತ್ತು ದಾಟಿದೆ. ಎರಡೂ ಮಂಡಿ ನೋಯುತ್ತವೆ. ಹೀಗಿದ್ದೂ ತಮ್ಮ ಕಚೇರಿ ನನ್ನನ್ನು ಮಗುವೆಂದು ಎಣಿಸಿದೆ. ಅಷ್ಟೇ ಆಗಿದ್ದರೆ ಕನ್ನಡಿಯ ಮುಂದೆ ನಿಂತು ಖುಷಿಪಡುತ್ತಿದ್ದೆ. ಆದರೆ ನನ್ನಿಂದಾಗಿ ಕೇಂದ್ರದಲ್ಲಿ ಮಿತಿಗಿಂತ ಒಂದು ಮಗು ಹೆಚ್ಚಾಯಿತೆಂದು, ಕಡೆಯದಾಗಿ ಸೇರಿದ ಎರಡು ವರ್ಷದ ಹುಡುಗಿಯನ್ನು ಸೋಮವಾರದಿಂದ ಹೊರಗಿಡಲು ತಾವು ಆದೇಶಿಸಿದ್ದೀರಿ. ಈ ಪತ್ರವನ್ನು ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಮಗುವಿಗೆ ಇಷ್ಟು ಬೇಗ ತಮ್ಮ ದೇಶದ ಭಾಷೆ ಹೇಗೆ ಬಂದೀತು?

ನಾನು ಊರಿನ ಅಂಚೆ ಕಚೇರಿಯಲ್ಲಿ ಮೊಹರು ಒತ್ತೊತ್ತಿ ನಿವೃತ್ತಳಾದವಳು. ಸುಮ್ಮನೆ ಕೂರಲಾಗದೆ, ಯಜಮಾನರನ್ನೂ ಎಳೆದುಕೊಂಡು ತಮ್ಮ ದೇಶಕ್ಕೆ ಬಂದು, ಈ ಕೇಂದ್ರದಲ್ಲಿ ಸಂಬಳವಿಲ್ಲದ ಸ್ವಯಂಸೇವಕಿಯಾದೆ. ಮೂಗು ಒರೆಸುವುದು, ಅದಲುಬದಲಾದ ಶೂಗಳನ್ನು ಸರಿಯಾದ ಕಾಲಿಗೆ ಹಾಕುವುದು, ಕಚ್ಚಿದವರನ್ನೂ ಕಚ್ಚಿಸಿಕೊಂಡವರನ್ನೂ ಬೇರೆ ಬೇರೆ ಮೂಲೆಯಲ್ಲಿ ಕೂರಿಸುವುದು ನನ್ನ ಕೆಲಸ. ತಾವು ಹೊರಗಿಡಹೊರಟ ಹುಡುಗಿಯನ್ನು ನಾನು ಬುಗುರಿ ಎನ್ನುತ್ತೇನೆ. ಒಂದು ಕಡೆ ನಿಲ್ಲುವ ಪೈಕಿಯಲ್ಲ. ನನ್ನ ಕಿವಿ ಹಿಡಿದುಕೊಂಡರೆ ಮಾತ್ರ ಅವಳಿಗೆ ನಿದ್ದೆ. ಹಾಗಾಗಿ ಮಧ್ಯಾಹ್ನ ನಾನೂ ಅವಳ ಪಕ್ಕದಲ್ಲಿ ಚಾಪೆ ಹಾಸಿ ಹೊದ್ದು ಮಲಗುವುದು ರೂಢಿ. ಅಂದು ತಮ್ಮ ತಪಾಸಕರು ಮಕ್ಕಳು ಎದ್ದುಬಿಟ್ಟಾರೆಂದು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಹೊದಿಕೆಗಳನ್ನು ಎಣಿಸಿದರು. ನನ್ನ ಗೊರಕೆಯಾದರೂ ಕೇಳಿಸಲಿಲ್ಲವೇ ಎಂದರೆ, ಕೇಳಿಸಿತ್ತಂತೆ. ಒಂದು ಮಗುವಿಗೆ ವಿಪರೀತ ನೆಗಡಿ ಎಂದು ಬರೆದುಕೊಂಡರಂತೆ.

ತಿದ್ದಿಸಲು ತಮ್ಮ ಕಚೇರಿಗೆ ಹೋದೆ. ಕಿಟಕಿಯಾಚೆಯ ಗುಮಾಸ್ತರು ನನ್ನ ನರೆಗೂದಲನ್ನು ಕಣ್ಣಾರೆ ಕಂಡೂ, ಮಗುವಿನ ಮಾತು ನಡೆಯುವುದಿಲ್ಲ, ಹೆತ್ತವರೇ ಬರಬೇಕು ಎಂದರು. ಎಂದೋ ತೀರಿಹೋದ ಅಪ್ಪ ಅಮ್ಮನನ್ನು ಎಲ್ಲಿಂದ ಕರೆತರಲಿ? ಯಜಮಾನರು ಮುಂದೆ ಬಂದು, ನಾನು ಇವಳ ಗಂಡ, ನಾನೇ ಸಹಿ ಹಾಕುತ್ತೇನೆ ಎಂದರು. ಗುಮಾಸ್ತರು ದನಿ ತಗ್ಗಿಸಿದರು.

"ಮಗೂನ ಮದ್ವೆ ಆಗಿದೀರಾ? ಈ ಮಾತು ಇಲ್ಲಿಗೇ ಬಿಡಿ ಸ್ವಾಮಿ. ಇಲ್ದಿದ್ರೆ ಪೊಲೀಸರನ್ನ ಕರೀಬೇಕಾಗುತ್ತೆ."

ಅಂದಿನಿಂದ ಯಜಮಾನರು ಬೀದಿಯಲ್ಲಿ ನನ್ನ ಜೊತೆ ನಡೆಯುವುದಿಲ್ಲ. ಹೋಗಲಿ, ಹೆಚ್ಚಾದ ಮಗು ನಾನೇ ತಾನೇ, ನನ್ನನ್ನೇ ತೆಗೆದುಹಾಕಿ ಎಂದೆ. ಸೇರಿಸಿಕೊಳ್ಳದೇ ಇರುವ ಮಗುವನ್ನು ತೆಗೆಯಲು ನಿಯಮವಿಲ್ಲವಂತೆ. ಎಣಿಸಲು ಮಾತ್ರ ಇದೆಯೇ, ಮಾನ್ಯರೇ?

ಬುಗುರಿಯ ತಾಯಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವವಳು. ಮನೆಯಲ್ಲಿ ಬೇರೆ ದಿಕ್ಕಿಲ್ಲ. ಆದೇಶ ಕೇಳಿ ಅವಳು ಕೂಗಾಡಲಿಲ್ಲ. ಮಗಳ ಕೋಟಿನ ಗುಂಡಿ ಹಾಕುತ್ತ, "ಸೋಮವಾರದಿಂದ ಇವಳನ್ನ ಎಲ್ಲಿ ಬಿಡ್ಲಿ ಅಮ್ಮ? ಜೊತೆಗೆ ಕರ್ಕೊಂಡು ಹೋದ್ರೆ ಕೆಲಸದಿಂದ ತೆಗೀತಾರೆ" ಎಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಈ ಶುಕ್ರವಾರ ನನ್ನನ್ನು ಆ ಕೇಂದ್ರಕ್ಕೆ ವಿಧಿವತ್ತಾಗಿ ಸೇರಿಸಿಕೊಳ್ಳಿ. ಆಗ ಕಡೆಯದಾಗಿ ಸೇರಿದ ಮಗು ನಾನಾಗುತ್ತೇನೆ; ಸೋಮವಾರ ತಮ್ಮದೇ ನಿಯಮದಂತೆ ನನ್ನನ್ನು ಹೊರಹಾಕಿ. ಸೇರಿಸುವಾಗ ಪೋಷಕರೆಂದು ಯಾರು ಸಹಿ ಹಾಕಿದರೂ ನಡೆಯುತ್ತದಂತೆ. ಬುಗುರಿಯ ತಾಯಿ ಒಪ್ಪಿದ್ದಾಳೆ. ನನ್ನ ವಯಸ್ಸು ಅವಳದ್ದಕ್ಕಿಂತ ದುಪ್ಪಟ್ಟು. ಅದು ತಮ್ಮವರ ಕಣ್ಣಿಗೆ ಬೀಳಲಾರದೆಂಬ ಭರವಸೆ ನನಗಿದೆ.

ಹೊರಹಾಕಿದ ಮಗು ಮತ್ತೆ ಕೇಂದ್ರದ ಬಾಗಿಲು ದಾಟುವಂತಿಲ್ಲವಂತೆ. ಇನ್ನು ಆ ಮಕ್ಕಳ ಜೊತೆ ಇರಲಾರೆನಲ್ಲ ಎಂದು ತುಂಬ ಸಂಕಟವಾಗುತ್ತದೆ. ಬುಗುರಿ ಕೋಣೆಕೋಣೆಯಲ್ಲೂ ನನ್ನನ್ನು ಹುಡುಕುತ್ತಾಳೆ. ಹುಡುಕಲಿ. ಒಳಗಿದ್ದುಕೊಂಡೇ ಹುಡುಕಲಿ.

ಇಂತಿ,
ಹೊರಬೀಳಲೆಂದೇ ಸೇರಲು ಹೊರಟಿರುವ
ಒಂದು ಮಗು